ಫೆಲ್ಸಿ ಕೇಳದ ಕೊನೆಯ ಚರಣ

ಗಲ್ಫಿನ ಹಿದ್ ಊರಿನ ಆ ಮೂರನೇ ಮಹಡಿಯ ಫ್ಲ್ಯಾಟಿಗೆ ಶುಕ್ರವಾರದ ಪಾರ್ಟಿಗೆ ಹೋದವರಿಗೆಲ್ಲ ಲಾನ್ಸೆಲೊಟ್‌ನ ಹಾಡು ಗೊತ್ತು. ಹಳೆಯ ಇಂಗ್ಲಿಷ್ ಕಂಟ್ರಿ ಹಾಡು, ಮೂರೇ ಚರಣ, ಕೊನೆಯವರೆಗೂ ಜೊತೆಗಿರುತ್ತೇನೆಂಬ ಮಾತು. ವಾರವಿಡೀ ಬಂದರಿನ ಕಚೇರಿಯಲ್ಲಿ ಕಂಟೇನರುಗಳ ಕಾಗದ ನೋಡುವ ಲಾನ್ಸೆಲೊಟ್ ಗಿಟಾರ್ ಹಿಡಿದು ಅದನ್ನು ಹಾಡಿದರೆ ಮಂಗಳೂರಿನ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಮದುವೆಯ ದಿನದ ವರ್ಷಾಚರಣೆಗಂತೂ ಅದು ಬೇಕೇ ಬೇಕು. "ಫೆಲ್ಸಿ ಪುಣ್ಯ ಮಾಡಿದವಳು" ಎನ್ನುತ್ತಿದ್ದರು.

ಆ ಹೊತ್ತಿಗೆ ಫೆಲ್ಸಿ ಅಡುಗೆಮನೆಯಲ್ಲಿರುತ್ತಿದ್ದಳು.

ಹಾಡು ಮುಗಿದರೆ ಪ್ರಾರ್ಥನೆ, ಪ್ರಾರ್ಥನೆ ಮುಗಿದರೆ ಊಟ. ಇಡ್ಲಿಯಂಥ ಸನ್ನಾ ಹಬೆಯಾಡುತ್ತಲೇ ಮೇಜಿಗೆ ಬರಬೇಕು. ಎರಡು ಚರಣಗಳನ್ನು ಅವಳು ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತು ಕೇಳುತ್ತಿದ್ದಳು. ಮೂರನೆಯದಕ್ಕೆ ಮೊದಲು ಲಾನ್ಸೆಲೊಟ್ ತಂತಿಯಿಂದ ಕೈ ತೆಗೆದು ಎರಡು ಬೆರಳನ್ನು ಅಡುಗೆಮನೆಯ ಕಡೆ ಆಡಿಸುತ್ತಿದ್ದ. ಅವಳು ಒಳಗೆ ಹೋಗಿ ಎಕ್ಸಾಸ್ಟ್ ಫ್ಯಾನ್ ಹಾಕಿ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದಳು. ಆಮೇಲೆ ಕೇಳುತ್ತಿದ್ದುದು ಫ್ಯಾನಿನ ಸದ್ದು, ಅದರ ಹಿಂದೆ ಚಪ್ಪಾಳೆ.

ಕಳೆದ ವರ್ಷ ಲಾನ್ಸೆಲೊಟ್‌ಗೆ ಸ್ಟ್ರೋಕ್ ಆಯಿತು. ಬಲಗೈ ಹೋಯಿತು, ಮಾತು ಹೋಯಿತು. ಹೆಂಡತಿಯ ಹೆಸರೂ ಬಾಯಿಗೆ ಬರುತ್ತಿರಲಿಲ್ಲ. ಫೆಲ್ಸಿ ಬೆಳಿಗ್ಗೆ ಅವನಿಗೆ ಸ್ನಾನ ಮಾಡಿಸಿ, ಗಡ್ಡ ಬೋಳಿಸಿ, ಗಂಜಿ ಕುಡಿಸಿ, ದಂತ ಚಿಕಿತ್ಸಾಲಯದ ರಿಸೆಪ್ಷನ್ ಕೆಲಸಕ್ಕೆ ಹೋಗಿ ಬಂದು, ಮತ್ತೆ ಅವನನ್ನು ಮಗ್ಗುಲು ಹೊರಳಿಸುತ್ತಿದ್ದಳು. ಮಾತು ಕಲಿಸಲು ಬರುವ ಥೆರಪಿಸ್ಟ್ ಒಂದು ದಿನ ಹೇಳಿದಳು: ಮಾತು ಕಳೆದುಕೊಂಡ ಕೆಲವರಿಗೆ ಹಾಡು ಉಳಿದಿರುತ್ತದೆ, ಹಾಡಿಸಿ ನೋಡಿ.

ಮದುವೆಯಾಗಿ ಮೂವತ್ತು ವರ್ಷ ತುಂಬುವ ವಾರ ಕೆಳಗಿನ ಮನೆಯ ಉಷಾಲತಾ ಕೇಳಿದಳು. "ಈ ಸಲ ಎಂತ ಮಾಡ್ತೀರಿ ಫೆಲ್ಸಿ ಬಾಯಿ?"

"ಎಂತದೂ ಇಲ್ಲ ಉಷಾ. ಒಲೆಯೇ ಹೊತ್ತಿಸುದಿಲ್ಲ. ಇವರ ಹತ್ರ ಕೂತು ಆ ಹಾಡು ಪೂರ್ತಿ ಕೇಳ್ಬೇಕು."

"ಇಷ್ಟು ವರ್ಷ ಕೇಳ್ಲಿಲ್ವಾ?"

"ಕೊನೇ ಚರಣಕ್ಕೆ ಸನ್ನಾ ಇಳಿಸ್ಲಿಕ್ಕೆ ಇತ್ತಲ್ಲ."

"ಫೋನಲ್ಲಾದ್ರೂ ಹಾಕಿ ಕೇಳ್ಬಹುದಿತ್ತು ಮಾರಾಯ್ರೆ."

"ಅದ್ರಲ್ಲಿ ಹಾಡುದು ಯಾರೋ. ಅವನಿಗೆ ನಾನು ಎಂತ ಆಗ್ಬೇಕು?"

ಶುಕ್ರವಾರ ಮಧ್ಯಾಹ್ನ ಉಷಾಲತಾ ನೀರುದೋಸೆ, ಕೋಳಿಸಾರು ತಂದಿಟ್ಟು ಹೋದಳು. ಫೆಲ್ಸಿ ಇಸ್ತ್ರಿ ಮಾಡಿದ ನೀಲಿ ಫ್ರಾಕ್ ಹಾಕಿಕೊಂಡು ಗಂಡನ ಪಕ್ಕ ಕೂತು, ಅವನ ಸತ್ತ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಮಗಳು ಮೆಲಿಸ್ಸಾ ಗಿಟಾರ್ ಮೀಟಿದಳು.

ಲಾನ್ಸೆಲೊಟ್ ತುಟಿ ಅಲುಗಿಸಿದ. ಮೊದಲು ಬರಿಯ ಗುನುಗು, ಆಮೇಲೆ ಪದ, ಪದದ ಹಿಂದೆ ಪದ. ಮೆಲಿಸ್ಸಾ ಮೀಟುವುದನ್ನು ನಿಲ್ಲಿಸಲಿಲ್ಲ. ಎರಡು ಚರಣ ಆಯಿತು.

ಅಲ್ಲಿಗೆ ಅವನು ನಿಂತ. ಎಡಗೈ ಎತ್ತಿ ಎರಡು ಬೆರಳನ್ನು ಅಡುಗೆಮನೆಯ ಕಡೆ ಆಡಿಸಿದ.

"ಪಪ್ಪಾ, ಇವತ್ತು ಅಡುಗೆ ಇಲ್ಲ. ಮಮ್ಮಿ ಇಲ್ಲೇ ಕೂತ್ಕೊಳ್ತಾರೆ," ಎಂದಳು ಮೆಲಿಸ್ಸಾ.

ಅವನು ಮತ್ತೆ ಮೊದಲಿನಿಂದ ಹಾಡಿದ. ಅದೇ ಜಾಗದಲ್ಲಿ ನಿಂತ. ಅದೇ ಎರಡು ಬೆರಳು.

"ಹಾಡು ಲಾನ್ಸಿ, ನಾನು ಇಲ್ಲೇ ಇದ್ದೇನೆ," ಎಂದಳು ಫೆಲ್ಸಿ.

ಅವನು ಬಾಯಿ ತೆರೆದ. ಸ್ವರ ಬರಲಿಲ್ಲ. ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ತುಂಬಿತು. ಬೆರಳುಗಳು ಮಾತ್ರ ಆಡುತ್ತಲೇ ಇದ್ದವು.

ಫೆಲ್ಸಿ ಸ್ವಲ್ಪ ಹೊತ್ತು ಆ ಬೆರಳುಗಳನ್ನೇ ನೋಡಿದಳು. ಆಮೇಲೆ ಮಡಿಲಿನ ಕೈಯನ್ನು ಮೆಲ್ಲನೆ ದಿಂಬಿನ ಮೇಲಿಟ್ಟು ಎದ್ದು ಒಳಗೆ ಹೋದಳು.

ಒಲೆ ತಣ್ಣಗಿತ್ತು. ಕೈ ತಾನಾಗಿ ಫ್ಯಾನಿನ ಸ್ವಿಚ್ಚಿನವರೆಗೆ ಹೋಯಿತು, ಅಲ್ಲೇ ತಡೆದಳು. ಹೊರಗಿನಿಂದ ಕೊನೆಯ ಚರಣ ಬಂತು, ಒಂದೂ ಪದ ತಪ್ಪದೆ. ಕೆಲಸವೆಲ್ಲ ಮುಗಿಯಿತು, ಸಂಜೆಯಾಯಿತು, ಇನ್ನಾದರೂ ಬಂದು ನನ್ನ ಪಕ್ಕ ಕೂರು ಎಂದಿತ್ತು ಅದರಲ್ಲಿ.

"ಮಮ್ಮಿ, ಕೇಳಿತಾ? ಪಪ್ಪಾ ಪೂರ್ತಿ ಹಾಡಿದ್ರು!"

"ಕೇಳಿತು," ಎಂದಳು ಫೆಲ್ಸಿ.

ಅವನಿಗೆ ನುಂಗಲು ಆಗುವಷ್ಟು ಸಣ್ಣದಾಗಿ ನೀರುದೋಸೆ ಹರಿಯಬೇಕಿತ್ತು. ತಟ್ಟೆ ತೆಗೆದುಕೊಂಡಳು.