ಹಳದಿ ಬಸ್ಸಿನ ದಾರಿ

ಶಿರ್ವ ದಾಟಿದ ಮೇಲೆ ರಸ್ತೆ ಎರಡಾಗಿ ಒಡೆದಿತ್ತು. ಕಾರು ನಿಲ್ಲಿಸಿ, ಕಾರ್ಕಳಕ್ಕೆ ಯಾವ ದಾರಿ ಎಂದು ಸೋಡಾ ಅಂಗಡಿಯವರನ್ನು ಕೇಳಿದೆ.

"ಹಳದಿ ಬಸ್ಸಿನ ದಾರಿ ಹಿಡೀರಿ ಅಮ್ಮ. ಬಲಕ್ಕೆ."

ಆಗ ನಮ್ಮ ರಸ್ತೆಗಳಿಗೆ ನಂಬರ್ ಎಲ್ಲಿತ್ತು? ಓಡುವ ಬಸ್ಸೇ ರಸ್ತೆಯ ಹೆಸರು. ಹಿಂದಿನ ಸೀಟಿನಲ್ಲಿ ಗೆಳತಿಯ ಮಗಳ ಮದುವೆಗೆಂದು ಒಂದು ಬುಟ್ಟಿ ಶಂಕರಪುರದ ಮಲ್ಲಿಗೆ ಇತ್ತು. ನಾನು ತಡಮಾಡಿದರೆ ಮದುಮಗಳು ಬೋಳು ಜಡೆಯಲ್ಲೇ ಧಾರೆಗೆ ನಿಲ್ಲಬೇಕು.

"ಅದು ಹತ್ತಿರವಾ?"

"ಹತ್ತಿರ ಅಲ್ಲ. ಒಳ್ಳೆಯ ದಾರಿ."

"ಎಡಗಡೆಯದ್ದು?"

"ಅದೆಂತ ದಾರಿ ಮಾರಾಯ್ರೆ! ಅದರಲ್ಲಿ ನೀಲಿ ಬಸ್ಸು ಹೋಗುವುದು," ಎಂದು ಉಪ್ಪಿಲ್ಲದ ಗಂಜಿ ಕುಡಿದವರಂತೆ ಮುಖ ಮಾಡಿದರು. ಹಳದಿ ಬಸ್ಸಿನ ಏಜೆಂಟರು ಅವರೇ ಎಂದು ತಲೆಯ ಮೇಲಿನ ಬೋರ್ಡ್ ಹೇಳುತ್ತಿತ್ತು.

ಪ್ರವಾಸದಲ್ಲಿ ಪರದೇಶದ ಗಡಿ ದಾಟುವಾಗಲೂ ನಾನು ಇಷ್ಟು ಬೇಡಿಕೊಂಡವಳಲ್ಲ. "ಹೂ ಬಾಡ್ತದೆ, ಮದುವೆಯದ್ದು!" ಎಂದೆ.

ಬುಟ್ಟಿ ನೋಡಿ ಅವರು ಕರಗಿದರು. ದನಿ ತಗ್ಗಿಸಿ, "ಎಡಕ್ಕೆ ಹೋಗಿ. ಅರ್ಧಕ್ಕರ್ಧ ಹತ್ತಿರ. ಆದರೆ ಕಾರ್ಕಳದಲ್ಲಿ ಯಾರು ಕೇಳಿದರೂ ಹಳದಿ ಬಸ್ಸಿನ ದಾರಿಯಲ್ಲಿ ಬಂದೆ ಅನ್ನಬೇಕು. ಅಷ್ಟು ಋಣ ಉಂಟು ನಿಮಗೆ," ಎಂದರು.

ಮಲ್ಲಿಗೆ ಧಾರೆಗೆ ಮೊದಲೇ ಜಡೆ ಏರಿತು. ಊಟದ ಹೊತ್ತಿಗೆ ಮದುಮಗಳ ಸೋದರಮಾವ ಪಾಯಸ ಬಡಿಸುತ್ತಾ ಬಂದು, "ಇಷ್ಟು ಬೇಗ ಯಾವ ದಾರಿಯಲ್ಲಿ ಬಂದಿರಿ?" ಎಂದು ಪ್ರೀತಿಯಿಂದ ಕೇಳಿದರು.

"ಹಳದಿ ಬಸ್ಸಿನ ದಾರಿಯಲ್ಲಿ. ಎಂಥಾ ರಸ್ತೆ!" ಎಂದು ಋಣ ತೀರಿಸಿದೆ.

ನೀಲಿ ಬಸ್ಸಿನ ಮಾಲಕರು ಅವರೇ ಎಂದು ಪಕ್ಕದ ಎಲೆಯವರು ಪಿಸುಗುಟ್ಟಿದರು. ಪಾಯಸದ ಸೌಟು ನನ್ನ ಎಲೆ ದಾಟಿ ಪಕ್ಕದ ಎಲೆಗೆ ಹೋಯಿತು.