ಏರಿಯಿಲ್ಲದ ಕೆರೆ

“ಅಮ್ಮಾ, ಬೀರಮ್ಮಜ್ಜಿ ಏರಿನೇ ಇಲ್ದಿರೋ ಕೆರೆ ನೋಡವ್ರಂತೆ. ಸುಳ್ಳು ಏಳ್ತಾವ್ರಾ?”

ಆರು ವರ್ಷದ ಶಶಿ ಹೀಗೆ ಕೇಳಿದಾಗ ನಂದಿತಾ ಮಗನ ಬಾಯೊರೆಸುತ್ತ ನಕ್ಕಳು. “ಸುಳ್ಳಲ್ಲ ಕಂದ. ಏಳ್ತೀನಿ ಕೇಳು, ಆದ್ರೆ ತುತ್ತು ನುಂಗ್ತಾ ಇರ್ಬೇಕು.”

ಪಕ್ಕದ ಮನೆಯ ಬೀರಮ್ಮ ಬೆಟ್ಟದಪುರದ ಸುತ್ತಮುತ್ತ ಮದುವೆ, ಬೀಗರೂಟಗಳಿಗೆ ಅಡಿಗೆ ಮಾಡುವವಳು. ಬೆಟ್ಟದ ಮೇಲೆ ಅನ್ನಸಂತರ್ಪಣೆಯಾದರೆ ಸಾಮಾನು ಹೊತ್ತು ಮೆಟ್ಟಿಲು ಹತ್ತುವವರಲ್ಲಿ ಅವಳೇ ಮುಂದು. ಹೋದ ವರ್ಷ ಪಿರಿಯಾಪಟ್ಟಣದ ನಟರಾಜು ಮೇಷ್ಟ್ರು ಒಂದಷ್ಟು ಜನರನ್ನು ಹಿಮಾಲಯದ ಎತ್ತರದ ಕೆರೆಯೊಂದಕ್ಕೆ ಕರೆದೊಯ್ಯುವಾಗ, ನಮ್ಮ ಕಡೆಯ ಊಟ ಮಾಡಿಹಾಕಲು ಅವಳನ್ನು ಕೇಳಿದರು. ಅವಳದು ಒಂದೇ ಮಾತು: “ಬತ್ತೀನಿ. ಆದ್ರೆ ಮೇಲಿನ ಕೆರೆಗಂಟ ನನ್ನೂ ಕರ್ಕೊಂಡೋಗ್ಬೇಕು.” ಮಧ್ಯಾಹ್ನದ ಬುತ್ತಿ ಮೊದಲೇ ಸಿದ್ಧವಾಗಿದ್ದರೆ ಆಗಲಿ ಎಂದರು ಮೇಷ್ಟ್ರು.

ತಪ್ಪು ಮೈಸೂರಿನ ರೈಲ್ವೆ ಸ್ಟೇಷನ್ನಿನಲ್ಲೇ ಆಗಿಹೋಯಿತು. ಹೊರೆ ಜಾಸ್ತಿಯಾಯಿತೆಂದು ಬೀರಮ್ಮ ಕುಕ್ಕರನ್ನು ತೆಗೆದು, ಕಳಿಸಲು ಬಂದಿದ್ದ ತಂಗಿಯ ಕೈಗಿಟ್ಟಳು. ಜೀವಮಾನವೆಲ್ಲ ತಪ್ಪಲೆಯಲ್ಲಿ ಅನ್ನ ಬಸಿದವಳಿಗೆ ಕುಕ್ಕರ್ ಅನ್ನವೆಂದರೆ ತಾತ್ಸಾರ.

ಕೆರೆಯ ಕೆಳಗಿನ ಡೇರೆಗಳನ್ನು ತಲುಪಿದ ಸಂಜೆ ಎಲ್ಲರೂ ದಣಿದು, ಸೂಪು ಕುಡಿದು ಮಲಗಿಬಿಟ್ಟರು. ಬೆಳಿಗ್ಗೆ ಬೀರಮ್ಮ ಚಿತ್ರಾನ್ನಕ್ಕೆಂದು ಅನ್ನಕ್ಕಿಟ್ಟಳು. ನೀರು ಕೊತಕೊತ ಕುದಿಯುತ್ತದೆ, ಅಕ್ಕಿ ಮಾತ್ರ ಕಲ್ಲು! ಮತ್ತೆ ನೀರು ಹೊಯ್ದಳು, ಉರಿ ಹೆಚ್ಚಿಸಿದಳು. ಉಹುಂ.

“ಬೀರಕ್ಕ, ಅಕ್ಕಿಗೂ ಚಳಿ ಹಿಡ್ದದೆ ಕಣ್ರೀ. ಒಂದು ಸ್ವೆಟರ್ ಹಾಕಿ,” ಎಂದು ಗುಂಪಿನ ಪ್ರಮೀಳಾ ಕಿಚಾಯಿಸಿದಳು.

“ನಿನ್ ಮದ್ವೇಲಿ ಇದ್ನೇ ಬಡಿಸ್ತೀನಿ, ಸುಮ್ನಿರವ್ವ!”

ಇಷ್ಟು ಎತ್ತರದಲ್ಲಿ ನೀರು ಬೇಗ ಕುದಿದರೂ ಅದಕ್ಕೆ ಬೇಯಿಸುವಷ್ಟು ಕಾವಿರುವುದಿಲ್ಲ, ಕುಕ್ಕರಿದ್ದಿದ್ದರೆ ಬೇಯುತ್ತಿತ್ತು ಎಂದು ಮೇಷ್ಟ್ರು ವಿವರಿಸಿದರು. ಆಮೇಲೆ ಮೆಲ್ಲಗೆ, “ನಾವು ಬಿಸ್ಕತ್ತು ತಿಂದು ಹೋಗ್ಬತ್ತೀವಿ ಅಕ್ಕ. ನೀವಿಲ್ಲೇ ಇದ್ದು ಸಂಜೆಗೆ ಏನಾದ್ರೂ ಬೇಯ್ಸಿಟ್ಟಿರಿ,” ಎಂದರು.

ಬೀರಮ್ಮ ಸೌಟು ಕೆಳಗಿಟ್ಟಳು. ಇಷ್ಟು ದೂರ ಬಂದದ್ದು ಒಲೆ ಕಾಯುವುದಕ್ಕಾ? ಮರುಗಳಿಗೆ ತನ್ನ ಚೀಲ ಸುರುವಿದಳು. ದಾರಿಗಿರಲೆಂದು ತಂದಿದ್ದ ರಾಗಿ ಹುರಿಹಿಟ್ಟಿತ್ತು, ಬೆಲ್ಲವಿತ್ತು, ಒಣಕೊಬ್ಬರಿಯಿತ್ತು. ಬಿಸಿನೀರಿಗೆ ಬೆಲ್ಲ ಕರಗಿಸಿ, ತುಪ್ಪ ಬಿಟ್ಟು, ಹಿಟ್ಟು ಕಲಸಿ ಸರಸರನೆ ಉಂಡೆ ಕಟ್ಟಿದಳು.

“ಬೇಯ್ಸೋ ಮಾತೇ ಇಲ್ಲ, ಊರಲ್ಲೇ ಹುರ್ದು ಬಂದದೆ. ಬುತ್ತಿ ಆಯ್ತು. ನಡೀರಿ ಮೇಷ್ಟ್ರೇ!”

ದಾರಿಯುದ್ದಕ್ಕೂ ಬಂಡೆಚೂರು, ಅದರಾಚೆ ಹಿಮ. ನಾಲ್ಕು ಹೆಜ್ಜೆಗೊಮ್ಮೆ ಬೀರಮ್ಮ ಮಂಡಿ ಹಿಡಿದು ನಿಲ್ಲುತ್ತಿದ್ದಳು. ಪ್ರಮೀಳಾ ತನ್ನ ಕೋಲು ಕೊಟ್ಟು, “ಒಂಚೂರು ಕೂತ್ಕಳ್ತೀರಾ ಬೀರಕ್ಕ?” ಎಂದಳು.

“ಕೂತ್ರೆ ಏಳಲ್ಲ ಕಣ್ ಮಗ. ನಡಿ.”

ಕೊನೆಯ ದಿಬ್ಬ ಹತ್ತಿದರೆ ಕೆರೆ! ಸುತ್ತ ಬಿಳಿ ಬೆಟ್ಟ, ನಡುವೆ ನವಿಲುಗತ್ತಿನ ಬಣ್ಣದ ನೀರು, ಅದರ ಮೇಲೆ ತೇಲುವ ಹಿಮದ ಹಲಗೆಗಳು. ಬೀರಮ್ಮ ಆ ಕಡೆ ಈ ಕಡೆ ನೋಡಿದಳು.

“ಇದೇನ್ ಮೇಷ್ಟ್ರೇ, ಏರಿ ಎಲ್ಲದೆ? ಯಾವ ಪುಣ್ಯಾತ್ಮ ಕಟ್ಸಿದ್ದು?”

“ಯಾರೂ ಕಟ್ಸಿಲ್ಲ ಅಕ್ಕ. ಹಿಮದ ರಾಶಿ ಜಾರ್ತಾ ಜಾರ್ತಾ ನೆಲ ಕೊರೆದು ಆಗಿದ್ದು.”

ಬೀರಮ್ಮ ಬೊಗಸೆ ನೀರೆತ್ತಿ ತಲೆಗೆ ಚಿಮುಕಿಸಿಕೊಂಡಳು, ಒಂದು ಗುಟುಕು ಕುಡಿದಳು. ಆಮೇಲೆ ಗಂಟು ಬಿಚ್ಚಿ ಕೂಗಿದಳು: “ಎಲೆ ಇಲ್ಲ, ಕೈ ಒಡ್ಡಿ! ಮೊದಲ್ನೇ ಪಂಕ್ತಿ ಕೂತ್ಕಳ್ಳಿ!”

ಇಳಿಯುವಾಗ ಹುಡುಗರು ಹಿಮದ ಮೇಲೆ ಕೂತು ಜಾರಿದರು. ಸೆರಗು ಸಿಕ್ಕಿಸಿಕೊಂಡು ಅವಳೂ ಜಾರಿದಳು.

ಈಗ ಮದುವೆ ಅಡಿಗೆ ಗೊತ್ತುಮಾಡಲು ಯಾರೇ ಬರಲಿ, ಮೊದಲು ಕೆರೆಯ ಕಥೆ, ಆಮೇಲೆ ಪಾಯಸವೋ ಹೋಳಿಗೆಯೋ ಎಂಬ ಮಾತು. ಎಷ್ಟು ಸಲ ಕೇಳಿದರೂ, ಇವಳು ನಮ್ಮ ಬೀದಿಯವಳು ಎಂದು ನಂದಿತಾಳ ಎದೆಯುಬ್ಬುತ್ತದೆ.

ನಿನ್ನೆ ಬೀರಮ್ಮ ಬಾಗಿಲಿಗೆ ಬಂದು ದನಿ ತಗ್ಗಿಸಿದಳು. “ನಂದಿತಾ, ಮೇಷ್ಟ್ರು ಈ ವರ್ಷ ಇನ್ನೊಂದು ಕೆರೆಗೆ ಒಂಟವ್ರಂತೆ. ಅಡಿಗೆಗೆ ನನ್ನೇ ಕರ್ದವ್ರೆ. ನಾನೇಳಿದ್ರೆ ನಗಾಡ್ತಾರೆ, ನೀನೊಂದು ಫೋನ್ ಮಾಡವ್ವ. ಒಲೆ ಮುಂದಕ್ಕೆ ಬ್ಯಾರೆಯವ್ರನ್ನ ನೋಡ್ಕಳ್ಳಿ, ಬೀರಕ್ಕ ಈ ಸಲ ಬರೀ ನಡೆಯಕ್ಕೆ ಬತ್ತಾಳೆ ಅನ್ನು.”