ಲಲ್ಲಾ ಬತ್ತೂಲರ ಪುದೀನ ಮಡಿ

ನಾವೆಲ್ಲ ಗೌರವದಿಂದ ‘ಲಲ್ಲಾ’ ಎನ್ನುತ್ತಿದ್ದ ಬತ್ತೂಲ್ ಮೆಕ್ನೆಸ್ ಪಟ್ಟಣದ ನಮ್ಮ ಓಣಿಗೆ ಸೊಸೆಯಾಗಿ ಬಂದದ್ದು 1951ರ ಅಕ್ಟೋಬರ್ 21ರಂದು, ಭಾನುವಾರ. ತವರಿನಿಂದ ತಂದ ಪುದೀನ ಬೇರನ್ನು ಅವರು ಅಂಗಳದ ಬಾವಿಯ ಪಕ್ಕದಲ್ಲಿ ಊರಿದರು. ಪುದೀನವನ್ನು ಬೀಜದಿಂದ ಬೆಳೆಸಿದರೆ ತಾಯಿಗಿಡದ ಗುಣ ಉಳಿಯದು. ಮಣ್ಣಿನಡಿ ಹರಿಯುವ ಬಳ್ಳಿಬೇರನ್ನು ಗೆಣ್ಣು ಗೆಣ್ಣಾಗಿ ಮುರಿದು ನೆಟ್ಟರೆ ಮಾತ್ರ ಅದೇ ಗಿಡ, ಅದೇ ಘಮ. ಹಾಗೆ ಮುರಿದು ಕೊಟ್ಟು ಕೊಟ್ಟು, ಓಣಿಯ ಎಲ್ಲ ಮನೆಗಳ ಚಹಾದಲ್ಲೂ ಅವರದೇ ಪುದೀನವಾಯಿತು. ಗಂಡ ತೀರಿಕೊಂಡ ಮೇಲೆ ಆ ವಿಧವೆಗೆ ಓಣಿಯಲ್ಲಿ ಉಳಿದಿದ್ದ ಮರ್ಯಾದೆಯೆಲ್ಲ ಆ ಮಡಿಯಿಂದ ಬಂದದ್ದು. ಎದುರುಮನೆಯ ಶಾಲಾಮಾಸ್ತರನಾದ ನಾನು ಇದನ್ನು ಬಲ್ಲೆ.

1986ರ ಮಾರ್ಚ್ 9ರಂದು ಅವರ ಒಬ್ಬಳೇ ಮಗಳು ರಬೀಯಾಳ ನಿಶ್ಚಿತಾರ್ಥ. ಗಂಡಿನ ತಾಯಿ ಹಜ್ ಮಾಡಿ ಬಂದಿದ್ದ ಹಾಜ್ಜಾ ಝೊಹ್ರಾ ಶುಭಕಾರ್ಯಕ್ಕೆ ಕೊಡುವ ಗೋಪುರದಾಕಾರದ ಸಕ್ಕರೆ ಅಚ್ಚುಗಳ ಜೊತೆಗೆ ಪುದೀನದ ಕಟ್ಟೊಂದನ್ನೂ ತಂದಿದ್ದರು. ಎಲೆಗಳು ಚಹಾಕ್ಕೆ ಹೋದವು. ಉಡುಗೊರೆಯ ದಂಟನ್ನು ಎಸೆಯುವುದು ಆ ಮನೆಯಲ್ಲಿ ಅಪಚಾರ. ಲೋಟದ ನೀರಿನಲ್ಲಿ ಬೇರು ಬಿಡಿಸಿ, ಬತ್ತೂಲ್ ಆ ದಂಟುಗಳನ್ನು ತಮ್ಮ ಮಡಿಯ ನಡುವೆಯೇ ನೆಟ್ಟರು. ಹಾಜ್ಜಾ ಪ್ರತಿ ಶುಕ್ರವಾರ ಬಂದು ಬಗ್ಗಿ ನೋಡುತ್ತಿದ್ದರು.

"ನೋಡು ಬತ್ತೂಲ್, ನಮ್ಮದು ನಿಮ್ಮದನ್ನ ಹಿಂದಕ್ಕೆ ಹಾಕ್ತಿದೆ!"

"ಹಾಕ್ಲಿ ಬಿಡಿ ಹಾಜ್ಜಾ, ಗಂಡಿನ ಕಡೆಯದಲ್ವಾ, ಗತ್ತು ಜಾಸ್ತಿ."

ಏಪ್ರಿಲ್ 17ರ ಗುರುವಾರ ಬತ್ತೂಲ್ ನನ್ನನ್ನು ಕೂಗಿ ಕರೆದರು. "ಮೇಷ್ಟ್ರೇ, ಕನ್ನಡಕ ಹಾಕ್ಕೊಂಡು ಬನ್ನಿ. ಇದೇನು ಹೇಳಿ."

ಹಾಜ್ಜಾ ತಂದ ದಂಟುಗಳ ಎಲೆಯಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ. ತುಕ್ಕುರೋಗ! ಪಕ್ಕದ ಹಳೆಯ ಗಿಡಗಳಿಗೂ ಅದು ಆಗಲೇ ಹತ್ತಿತ್ತು. ಮಡಿಯನ್ನು ಪೂರ್ತಿ ಅಗೆದು ಸುಟ್ಟು, ರೋಗ ತಾಕದ ಬೇರು ಸಿಕ್ಕರೆ ತೊಳೆದು ಬೇರೆ ಮಣ್ಣಿನಲ್ಲಿಡುವುದಲ್ಲದೆ ಅನ್ಯ ಮಾರ್ಗವಿರಲಿಲ್ಲ.

ರಬೀಯಾ ಅಡ್ಡ ನಿಂತಳು. "ಅಮ್ಮಾ, ನಾಳೆ ಅತ್ತೆ ಬರ್ತಾರೆ. ನೀವು ತಂದದ್ದೇ ರೋಗದ್ದು ಅಂತ ಅವರ ಮುಖಕ್ಕೆ ಹೇಳ್ತೀಯಾ? ಸಂಬಂಧ ಮುರ್ಕೊಂಡು ಹೋಗ್ತಾರೆ."

"ಬಿಟ್ರೆ ನಮ್ಮಮ್ಮನ ಗಿಡ ಹೋಗತ್ತೆ ಕಣೇ."

"ನಂಗಿಂತ ಹೆಚ್ಚಾ ಅದು?"

ತಾಯಿ ಗುದ್ದಲಿ ತೆಗೆದುಕೊಂಡರು. ಸಂಜೆಯ ಹೊತ್ತಿಗೆ ಬಾವಿಯ ಪಕ್ಕ ಬೂದಿ ಮಾತ್ರವಿತ್ತು. ಆರಿಸಿ ತೊಳೆದ ಕೆಲವು ಗೆಣ್ಣುಗಳು ಮಾಳಿಗೆಯ ಕುಂಡವನ್ನು ಸೇರಿದವು.

ಮರುದಿನ ಹಾಜ್ಜಾ ಬಂದಾಗ ನಾನು ಬತ್ತೂಲರ ಬಾಗಿಲಲ್ಲೇ ಇದ್ದೆ.

"ಇದೇನೇ ಬತ್ತೂಲ್, ಅಂಗಳದ ತಲೆ ಬೋಳಿಸಿದ್ದೀಯ? ನನ್ನ ಗಿಡ ಎಲ್ಲಿ?"

ಬತ್ತೂಲ್ ಮಗಳ ಕಡೆ ಒಮ್ಮೆ ನೋಡಿದರು. "ನನ್ನ ಹಳೇ ಗಿಡಕ್ಕೆ ರೋಗ ಬಂದಿತ್ತು ಹಾಜ್ಜಾ. ನಿಮ್ಮ ಒಳ್ಳೇ ದಂಟಿಗೂ ಅಂಟಿಸಿಬಿಡ್ತು. ತಪ್ಪು ನಂದು."

"ಅದಕ್ಕೇ ನಿಮ್ಮನೆ ಚಹಾ ಒಂಥರಾ ಇರ್ತಿತ್ತು! ಹೋಗ್ಲಿ, ಹುಡುಗಿಗೇನೂ ಅಂಟಿಲ್ಲ ತಾನೇ?" ಎಂದು ಹಾಜ್ಜಾ ನಕ್ಕರು. ರಬೀಯಾ ನೆಲ ನೋಡುತ್ತಾ ನಿಂತಿದ್ದಳು.

ಆ ಮಾತನ್ನು ಹಾಜ್ಜಾ ಹಮ್ಮಾಮಿನಲ್ಲಿ, ಸ್ನಾನಕ್ಕೆ ಬಂದ ಹೆಂಗಸರ ನಡುವೆ ಮತ್ತೊಮ್ಮೆ ಹೇಳಿದರು. ವಾರ ಕಳೆಯುವುದರೊಳಗೆ ಓಣಿಯ ಮನೆಗಳು ಬತ್ತೂಲರಿಂದ ಪಡೆದ ಗಿಡಗಳನ್ನು, ರೋಗವಿಲ್ಲದವನ್ನೂ ಬಿಡದೆ, ಕಿತ್ತು ಬೀದಿಗೆಸೆದವು. ನಿಜ ಹೇಳಿಬಿಡುತ್ತೇನೆಂದು ನಾನು ಹೊರಟಾಗ ಬತ್ತೂಲ್ ಕೈ ಅಡ್ಡ ಹಿಡಿದರು.

"ಬಾಯಿ ಮುಚ್ಕೊಂಡಿರಿ ಮೇಷ್ಟ್ರೇ. ಆ ಮನೇಲಿ ಬಾಳ್ಬೇಕಾದೋಳು ನನ್ನ ಮಗಳು, ನೀವಲ್ಲ."

ಈಗ ಬೀಗಿತ್ತಿಯರಿಬ್ಬರೂ ಇಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಮದುವೆ ಜುಲೈ 12ರ ಶನಿವಾರ ಸಾಂಗವಾಗಿ ನೆರವೇರಿತು. ಬಂದವರಿಗೆ ಕೊಟ್ಟ ಚಹಾಕ್ಕೆ ಪುದೀನವನ್ನು ಪೇಟೆಯಿಂದ ತರಿಸಲಾಗಿತ್ತು. ಮರುವರ್ಷದ ವಸಂತದಲ್ಲಿ ಮಾಳಿಗೆಯ ಕುಂಡ ತುಂಬಿ ಬಳ್ಳಿಬೇರುಗಳು ಅಂಚಿನಾಚೆ ಇಳಿದವು. ಎಲೆಯಡಿ ಒಂದು ಚುಕ್ಕೆಯೂ ಇರಲಿಲ್ಲ. ನಾನೊಬ್ಬ ಒಂದು ಗೆಣ್ಣು ಒಯ್ದೆ. ಬೇರೆ ಯಾರೂ ಕೇಳಲಿಲ್ಲ.

1987ರ ಮೇ 30ರಂದು, ಈದ್‌ಗೆಂದು ತವರಿಗೆ ಬಂದಿದ್ದ ರಬೀಯಾ ನಮ್ಮೆದುರಿಗೇ ಅದೇ ಪುದೀನದ ಮೂರು ಲೋಟ ಚಹಾ ಕುಡಿದಳು. ಹೊರಡುವಾಗ ಕುಂಡದ ಮುಂದೆ ಕುಳಿತು ಒಂದು ಬೇರನ್ನು ಬಿಡಿಸಿ ಚೀಲಕ್ಕೆ ಹಾಕಿಕೊಂಡಳು. ಮೆಟ್ಟಿಲವರೆಗೆ ಹೋದವಳು ಹಿಂದಿರುಗಿ ಬಂದು ಅದನ್ನು ಮತ್ತೆ ಮಣ್ಣಿಗೇ ಊರಿದಳು.

"ಅತ್ತೆ ಇದನ್ನ ಒಳಗೆ ಬಿಟ್ಕೊಳ್ಳಲ್ಲಮ್ಮ."

"ಗೊತ್ತು" ಎಂದು ಬತ್ತೂಲ್ ಅವಳ ಕೈ ಹಿಡಿದು, ಒಂದೊಂದೇ ಉಗುರಿನೊಳಗಿನ ಮಣ್ಣನ್ನು ತೆಗೆಯತೊಡಗಿದರು.